ಬ್ಯಾಟಿನ ಯಜಮಾನ

ಆ ಬೀದಿಗೆ ಇದ್ದದ್ದು ಒಂದೇ ಇಸ್ತ್ರಿ ಅಂಗಡಿ. ಅದನ್ನು ನಡೆಸುವವನನ್ನು ಎಲ್ಲರೂ ಅಂಪೈರ್ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರನ್ನು ಹೆಂಡತಿಯೂ ಮರೆತಿರಬಹುದು, ಏಕೆಂದರೆ ಅವಳು ಕರೆಯುವುದು ‘ರೀ’ ಎಂದು. ಜೀವಮಾನದಲ್ಲಿ ಅವನು ಯಾವ ಪಂದ್ಯದಲ್ಲೂ ಬಿಳಿ ಕೋಟು ಹಾಕಿಕೊಂಡು ನಿಂತವನಲ್ಲ. ಆದರೆ ಕ್ರಿಕೆಟ್ಟಿನ ಮಾತು ಬಂತೆಂದರೆ ಆ ಅಂಗಡಿಯೊಳಗೆ ಕೊನೆಯ ತೀರ್ಪು ಅವನದೇ. ಅದರ ಮೇಲೆ ಮೇಲ್ಮನವಿ ಇರಲಿಲ್ಲ.

ಯಾರು ಎಷ್ಟು ರನ್ ಹೊಡೆದರು, ಯಾರು ಯಾರನ್ನು ಔಟ್ ಮಾಡಿದರು ಎಂಬುದೆಲ್ಲ ಅವನ ಪಾಲಿಗೆ ಚಿಲ್ಲರೆ ಸಮಾಚಾರ. ಅವನ ಕೋಪತಾಪವೆಲ್ಲ ಆಟ ನಡೆಸುವವರ ಮೇಲೆ. ಎಲ್ಲೋ ದೂರದ ತಣ್ಣನೆಯ ಕೋಣೆಯಲ್ಲಿ ಉದ್ದನೆಯ ಮೇಜಿನ ಸುತ್ತ ಕೂತು, ಯಾವ ದೇಶ ಯಾವ ದೇಶದೊಡನೆ ಯಾವಾಗ ಆಡಬೇಕು, ಬಂದ ಹಣದಲ್ಲಿ ಯಾರಿಗೆಷ್ಟು ಎಂದು ತೀರ್ಮಾನಿಸುವವರಿದ್ದಾರಲ್ಲ, ಅವರ ಮೇಲೆ. ಅವರಲ್ಲಿ ಒಬ್ಬರ ಮುಖವನ್ನೂ ಅವನು ಕಂಡಿರಲಿಲ್ಲ. ಆದರೂ ದಾಯಾದಿಗಳನ್ನು ಬೈಯುವಷ್ಟು ಸಲಿಗೆಯಿಂದ ಬೈಯುತ್ತಿದ್ದ.

ಆ ಬೈಗುಳಕ್ಕೂ ಒಂದು ಕ್ರಮವಿತ್ತು, ಅದು ಶರ್ಟಿನ ಕ್ರಮ. ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟನೆಂದರೆ ತೀರ್ಪು ಮರುಪರಿಶೀಲನೆಯ ವಿಷಯ ಶುರು. “ಚೆಂಡು ಸ್ಟಂಪಿಗೆ ಅರ್ಧ ತಾಕಿದ್ರೆ ಔಟಂತೆ, ಚೂರು ಕಮ್ಮಿ ತಾಕಿದ್ರೆ ಅಂಪೈರ್ ಮೊದಲು ಹೇಳಿದ್ದೇ ಸರಿಯಂತೆ. ಅಲ್ರೀ, ತಾಕಿದ್ದು ತಾಕಿದ್ದೇ ತಾನೇ? ನಿಮ್ಮ ಶರ್ಟಿಗೆ ಅರ್ಧ ಬೆಂಕಿ ಹತ್ತಿದ್ರೆ ಸುಟ್ಟಿಲ್ಲ ಅಂತೀರಾ?” ತೋಳಿಗೆ ಬಂದಾಗ ವೇಳಾಪಟ್ಟಿ: ಆಟಗಾರರನ್ನು ಎತ್ತಿನ ಹಾಗೆ ವರ್ಷವಿಡೀ ದುಡಿಸುತ್ತಾರೆ, ಉಸಿರಾಡಲೂ ಬಿಡುವುದಿಲ್ಲ. ಗುಂಡಿಗಳ ಸಾಲಿನಲ್ಲಿ ಪೆಟ್ಟಿಗೆಯ ಮೂತಿ ತೂರಿಸುವಾಗ ಲೀಗುಗಳು: ದೇಶದ ಪರವಾಗಿ ಆಡಬೇಕಾದವನು ಕಾಲುನೋವು ಎನ್ನುತ್ತಾನೆ, ಲೀಗು ಬಂದೊಡನೆ ಕಾಲು ಚಿಗರೆಯಂತೆ ಓಡುತ್ತದೆ. ಎಲ್ಲ ಮುಗಿದು ಶರ್ಟು ಮಗುಚಿ ಅದರ ಅಗಲವಾದ ಬೆನ್ನು ಮೇಲೆ ಬಂತೆಂದರೆ ಹಣದ ಹಂಚಿಕೆ. ಬಾಗಿಲಲ್ಲಿ ನಿಂತವರು ಮೇಜಿನ ಕಡೆ ಒಮ್ಮೆ ನೋಡಿದರೆ ಸಾಕು, ಈಗ ಯಾವ ಮಾತು ನಡೆದಿದೆ, ಮುಂದೆ ಯಾವುದು ಬರಲಿದೆ ಎಂದು ತಿಳಿಯುತ್ತಿತ್ತು. ಬಾಯಿ ಓಡಿದಷ್ಟು ಹೊತ್ತು ಕೈ ಓಡುತ್ತಿತ್ತು, ಕೈ ಓಡಿದಷ್ಟು ಹೊತ್ತು ಬಾಯಿ. ಅವೆರಡಕ್ಕೂ ಒಂದೇ ಸ್ವಿಚ್ಚು ಎಂದು ಹೆಂಡತಿ ಹಾಸ್ಯ ಮಾಡುತ್ತಿದ್ದಳು.

ಮಾತು ಏನೇ ಇರಲಿ, ಕೆಲಸ ಮಾತ್ರ ಅಪ್ಪಟ. ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡವರು ಬೆನ್ನು ನೆಟ್ಟಗೆ ಮಾಡಿಕೊಂಡೇ ನಡೆಯುತ್ತಿದ್ದರು. ನಿವೃತ್ತ ಮೇಷ್ಟ್ರೊಬ್ಬರು ದಿನವೂ ಅಂಗಡಿಗೆ ಬರುತ್ತಿದ್ದರು. ಅವರಿಗಿದ್ದದ್ದು ಕೆಲವೇ ಬಿಳಿ ಶರ್ಟು, ಆದರೆ ಬರುವುದಕ್ಕೆ ನೆವ ಬೇಕಲ್ಲ, ಇಸ್ತ್ರಿಯಾದದ್ದನ್ನೇ ಮತ್ತೆ ತರುತ್ತಿದ್ದರು. ಅವರದೊಂದು ಮಾಮೂಲಿ ನಗೆಚಟಾಕಿ ಇತ್ತು. “ಇಸ್ತ್ರಿ ಮಾಡೋದು ಒಂದು ಕಲೆ ಕಣಯ್ಯಾ. ಕೈ ತಪ್ಪಿದ್ರೆ ಅದೂ ಒಂದು ಕಲೆ!” ಎಂದು ಹೇಳಿ ತಾವೇ ಮೊದಲು ನಗುವರು. ಕೇಳಿ ಕೇಳಿ ಉಳಿದವರಿಗೆ ನಗು ಬತ್ತಿಹೋಗಿತ್ತು. ಅಂಪೈರ್ ಮಾತ್ರ ಪ್ರತಿಸಲವೂ ಹೆಮ್ಮೆಯಿಂದ “ಎರಡನೇದು ಈ ಅಂಗಡಿಯಲ್ಲಿ ಸಿಗಲ್ಲ ಮೇಷ್ಟ್ರೇ” ಎನ್ನುತ್ತಿದ್ದ. ಅದು ನಿಜವೂ ಆಗಿತ್ತು.

ಬೆನ್ನಿನ ಭಾಗಕ್ಕೆ ಬಂದಾಗ ಅವನು ಹೇಳುತ್ತಿದ್ದ ಮಾತೊಂದಿದೆ. ಅದೇ ಅವನ ಬ್ರಹ್ಮಾಸ್ತ್ರ. ಅವನು ಚಿಕ್ಕವನಿದ್ದಾಗ ಅವರ ಓಣಿಯಲ್ಲಿ ಬ್ಯಾಟ್ ಇದ್ದದ್ದು ಒಬ್ಬನ ಹತ್ತಿರ ಮಾತ್ರ. ಬ್ಯಾಟ್ ಅವನದಾದ್ದರಿಂದ ಮೊದಲು ಆಡುವವನು ಅವನು. ಔಟಾದರೆ ‘ಅದು ಟ್ರಯಲ್ ಬಾಲ್’ ಎಂದು ಮತ್ತೆ ಆಡುವವನೂ ಅವನು. ಯಾರಾದರೂ ತಕರಾರು ಎತ್ತಿದರೋ, ಬ್ಯಾಟ್ ಬಗಲಿಗೆ ಸೇರಿಸಿ ಮನೆಗೆ ಹೊರಟೇಬಿಡುತ್ತಿದ್ದ. ನಮ್ಮ ಅಂಪೈರ್ ಆಗ ಚರಂಡಿಯ ಪಕ್ಕ ಫೀಲ್ಡಿಂಗಿಗೆ ನಿಲ್ಲುವ ಹುಡುಗ. ಬೆಳಗಿನಿಂದ ಚೆಂಡು ಹೆಕ್ಕಿ ಹೆಕ್ಕಿ ಕೊಟ್ಟು, ಇನ್ನೇನು ತನ್ನ ಸರದಿ ಬಂತು ಎನ್ನುವಾಗ ಆ ಮನೆಯ ಬಾಗಿಲಿನಿಂದ ಊಟಕ್ಕೆ ಕರೆ ಬರುತ್ತಿತ್ತು, ಬ್ಯಾಟ್ ಒಳಗೆ ಹೋಗುತ್ತಿತ್ತು. ನಮ್ಮ ಅಂಪೈರ್ ಬ್ಯಾಟ್ ಹಿಡಿದು ನಿಂತದ್ದು ಕನಸಿನಲ್ಲಿ ಮಾತ್ರ.

“ಇವತ್ತು ಇಡೀ ಜಗತ್ತಿನ ಕ್ರಿಕೆಟ್ ನಡೆಸ್ತಿರೋರು ಯಾರು ಹೇಳಿ? ಬ್ಯಾಟಿನ ಯಜಮಾನರು!” ಎಂದು ಅಂಪೈರ್ ಶರ್ಟಿನ ಬೆನ್ನಿನ ಮೇಲೆ ಪೆಟ್ಟಿಗೆಯನ್ನು ಜೋರಾಗಿ ಎಳೆಯುತ್ತಿದ್ದ. “ಹಣ ನಾವು ತರ್ತೀವಿ, ಆದ್ದರಿಂದ ದೊಡ್ಡ ಪಾಲು ನಮಗೆ. ಹಣ ನಾವು ತರ್ತೀವಿ, ಆದ್ದರಿಂದ ಯಾವಾಗ ಆಡಬೇಕು ಅಂತ ನಾವು ಹೇಳ್ತೀವಿ. ಚಿಕ್ಕ ಚಿಕ್ಕ ದೇಶದ ಹುಡುಗರು ಚರಂಡಿ ಪಕ್ಕ ನಿಂತು ಚೆಂಡು ಹೆಕ್ಕಬೇಕು. ಟೆಸ್ಟ್ ಆಡ್ತೀವಿ ಅಂದ್ರೆ, ಹೋಗ್ರೋ, ನೀವಿನ್ನೂ ಕಲೀಬೇಕು ಅಂತಾರೆ. ಆಡೋಕೆ ಬಿಡದೆ ಕಲಿಯೋದು ಹೆಂಗ್ರೀ?”

ಈ ಮಾತಿಗೆ ಎಂಥವರೂ ತಲೆದೂಗುತ್ತಿದ್ದರು. ಆಂಬುಲೆನ್ಸ್ ಓಡಿಸುವ ಡ್ರೈವರ್ ಒಬ್ಬ ಮಾತ್ರ ಒಮ್ಮೊಮ್ಮೆ ಅಡ್ಡ ಹಾಯುತ್ತಿದ್ದ. “ಅದೆಲ್ಲ ಸರಿ ಅಂಪೈರ್. ಬ್ಯಾಟಿನ ಯಜಮಾನನ್ನ ಓಡಿಸಿಬಿಟ್ರಿ ಅಂತಲೇ ಇಟ್ಕೊಳ್ಳಿ. ಆಮೇಲೆ ಬ್ಯಾಟ್ ಯಾರು ತರ್ತಾರೆ?”

ಈ ಪ್ರಶ್ನೆಗೆ ಅಂಪೈರ್ ಹತ್ತಿರ ಉತ್ತರವಿರಲಿಲ್ಲ. ಉತ್ತರ ಇಲ್ಲ ಎಂದು ಒಪ್ಪುವ ಜಾಯಮಾನವೂ ಅವನದಲ್ಲ. “ನಿಮ್ಮ ಪ್ಯಾಂಟು ಆಯ್ತು, ಎತ್ಕೊಳ್ಳಿ” ಎನ್ನುತ್ತಿದ್ದ. ಡ್ರೈವರನ ಪ್ಯಾಂಟು ಅಂದು ಎಲ್ಲರಿಗಿಂತ ಬೇಗ ಆಗುತ್ತಿತ್ತು. ಮೂಲೆಯಲ್ಲಿ ತೂಗುಹಾಕಿದ್ದ ಸಣ್ಣ ಟೀವಿಯ ರಿಮೋಟು ಸದಾ ಅಂಪೈರನ ಜೇಬಿನಲ್ಲೇ ಇರುತ್ತಿತ್ತು. ಯಾವ ಪಂದ್ಯ ನೋಡಬೇಕು, ಯಾವಾಗ ದನಿ ಇಳಿಸಿ ತನ್ನ ಮಾತು ಕೇಳಬೇಕು ಎಂಬುದೂ ಅವನ ಇಷ್ಟ.

ಟೀವಿಯ ಕೆಳಗೆ ಒಂದು ಸ್ಟೂಲಿತ್ತು. ಸಂಜೆಯಾದರೆ ಅದರ ಮೇಲೆ ಅಂಪೈರನ ಭಾಮೈದ, ಅಂದರೆ ಹೆಂಡತಿಯ ತಮ್ಮ, ಬಂದು ಕೂರುತ್ತಿದ್ದ. ಮುಖ್ಯರಸ್ತೆಯಲ್ಲಿ ಮೊಬೈಲ್ ಕವರು ಮಾರುವ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ದಿನವಿಡೀ ಗಿರಾಕಿಗಳ ಹತ್ತಿರ ಮಾತಾಡಿ ಮಾತಾಡಿ ಬಾಯಿ ಸೋತಿರುತ್ತಿತ್ತೋ ಏನೋ, ಇಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಹೆಚ್ಚೆಂದರೆ “ಹೌದು ಭಾವ” ಎನ್ನುತ್ತಿದ್ದ. ಅಕ್ಕನಿಗೆ ಬಟ್ಟೆ ಮಡಿಸಿಕೊಡುತ್ತಿದ್ದ. ಅಂಪೈರ್ ತೋಳಿನಿಂದ ಬೆನ್ನಿಗೆ ಜಾರುವಾಗ ಯಾವುದಾದರೊಂದು ಪದ ನಾಲಿಗೆಗೆ ಸಿಗದಿದ್ದರೆ ಮೆಲ್ಲಗೆ ಎತ್ತಿಕೊಡುತ್ತಿದ್ದ. ಇಂಥ ಭಾಮೈದ ಯಾರಿಗುಂಟು ಎಂದು ಅಂಪೈರ್ ಆಗಾಗ ಹೇಳಿಕೊಳ್ಳುತ್ತಿದ್ದದ್ದೂ ಉಂಟು, ಆ ಮಂಗಳವಾರದವರೆಗೆ.

ಆ ಮಂಗಳವಾರ ಅಂಪೈರ್ ಬಟ್ಟೆಯ ಗಂಟು ಹೊತ್ತು ಹೋಟೆಲಿಗೆ ಹೋಗಿದ್ದ. ಅಲ್ಲಿನ ಮಾಣಿಗಳ ಸಮವಸ್ತ್ರಕ್ಕೆ ಇಸ್ತ್ರಿ ಮಾಡಿ ಮುಟ್ಟಿಸುವುದು ಅವನ ವಾರದ ಕೆಲಸ. ಭಾಮೈದನಿಗೆ ಅಂದು ರಜೆ ಇದ್ದದ್ದರಿಂದ ಅಂಗಡಿಯಲ್ಲಿ ಅವನನ್ನು ಕೂರಿಸಿದ್ದ. ಅಷ್ಟರಲ್ಲಿ ಕ್ಯಾಮೆರಾ ಹೆಗಲಿಗೇರಿಸಿದ ಒಬ್ಬ, ಮೈಕು ಹಿಡಿದ ಒಬ್ಬಳು ಬೀದಿಗೆ ಬಂದರು. ಯಾವುದೋ ಕ್ರೀಡಾ ಚಾನೆಲಿನವರು. ವಿಶ್ವಕಪ್ ಹತ್ತಿರ ಬಂದಿತ್ತಲ್ಲ, ‘ಆಟ ನಿಮ್ಮ ಕೈಗೆ ಕೊಟ್ಟರೆ ಹೇಗೆ ನಡೆಸುತ್ತೀರಿ’ ಎಂದು ಸಾಮಾನ್ಯ ಅಭಿಮಾನಿಗಳನ್ನು ಕೇಳುತ್ತ ಹೊರಟಿದ್ದರು. ಬೀದಿಯಲ್ಲಿ ಯಾರನ್ನು ಕೇಳಿದರೂ ಕೈ ತೋರಿಸಿದ್ದು ಇಸ್ತ್ರಿ ಅಂಗಡಿಯ ಕಡೆಗೇ.

ಅಂಪೈರ್ ಹಿಂತಿರುಗುವಷ್ಟರಲ್ಲಿ ಅವರು ಹೋಗಿಯಾಗಿತ್ತು. “ಯಾರೋ ಬಂದಿದ್ರು ಭಾವ, ಏನೋ ಕೇಳಿದ್ರು” ಎಂದ ಭಾಮೈದ, ಇನ್ನೂ ಏನೋ ಹೇಳಲು ಹೊರಟ. ಹೋಟೆಲಿನಲ್ಲಿ ಒಂದು ಏಪ್ರನ್ ಲೆಕ್ಕ ತಪ್ಪಿ ಜಗಳವಾಗಿದ್ದ ಕಾರಣ ಅಂಪೈರ್ ಕಿವಿಗೊಡಲಿಲ್ಲ. ಮಾರನೆಯ ದಿನ ಡ್ರೈವರ್ ಫೋನು ಹಿಡಿದು ಓಡೋಡಿ ಬಂದ. “ಅಂಪೈರ್, ಅಂಪೈರ್! ನೋಡ್ರಿ ನಿಮ್ಮ ಭಾಮೈದನ್ನ! ಎಲ್ಲರ ಫೋನಲ್ಲೂ ಇದೇ!”

ಫೋನಿನಲ್ಲಿ ಅಂಪೈರನ ಅಂಗಡಿ ಇತ್ತು. ಅಂಪೈರನ ಮೇಜಿತ್ತು. ಅಂಪೈರನ ಇಸ್ತ್ರಿ ಪೆಟ್ಟಿಗೆಯ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದ ಭಾಮೈದ, ಒಂದಿಷ್ಟೂ ತಡವರಿಸದೆ ಹೇಳುತ್ತಿದ್ದ: “ನಮ್ಮ ಓಣಿಯಲ್ಲಿ ಬ್ಯಾಟ್ ಯಾರದ್ದೋ ಅವನೇ ಮೊದಲು ಆಡ್ತಿದ್ದ. ಜಗತ್ತಿನ ಕ್ರಿಕೆಟ್ಟೂ ಹಾಗೇ ನಡೀತಿದೆ. ಬ್ಯಾಟಿನ ಯಜಮಾನರು ಆಡ್ತಾರೆ, ಉಳಿದವರು ಚೆಂಡು ಹೆಕ್ತಾರೆ.”

ಅಂಪೈರನ ಹೊಟ್ಟೆಯೊಳಗಿಂದ ಉರಿ ಎದ್ದಿತು. ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ, ಅಪ್ಪಟ ಹೊಟ್ಟೆಕಿಚ್ಚು. ಮಾತು ಕದ್ದನೆಂಬುದು ಒಂದು ಸಂಕಟ. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಅದೇ ಮಾತು ಆ ಪಾಪಿಯ ಬಾಯಲ್ಲಿ ತನ್ನ ಬಾಯಿಗಿಂತ ಚೆನ್ನಾಗಿ ಕೇಳಿಸುತ್ತಿತ್ತು. ಚುಟುಕಾಗಿ, ನಗುನಗುತ್ತ, ಒಂದು ಬೈಗುಳವೂ ಇಲ್ಲದೆ.

“ಎಷ್ಟು ಚೆನ್ನಾಗಿ ಮಾತಾಡ್ತಾನೆ ಅಲ್ವಾ?” ಎಂದ ಡ್ರೈವರ್.

“ಪೆಟ್ಟಿಗೆ ಆಫ್ ಇರುವಾಗ ಹಿಡಿ ಮೇಲೆ ಕೈ ಇಡಬಾರದು ಅಂತಲೂ ಗೊತ್ತಿಲ್ಲ ಅವನಿಗೆ” ಎಂದ ಅಂಪೈರ್. ಅಂಥ ನಿಯಮ ಯಾವುದೂ ಇಲ್ಲ.

ಸಂಜೆ ಭಾಮೈದ ಬಂದು ಸ್ಟೂಲಿನ ತುದಿಯಲ್ಲಿ ಕೂತ. “ಭಾವ, ‘ನಮ್ಮ ಭಾವ ಹೇಳೋ ಹಾಗೆ’ ಅಂತಲೇ ಶುರು ಮಾಡಿದ್ದೆ ನಾನು. ಅವರು ಅದನ್ನ ಕತ್ತರಿಸಿಬಿಟ್ಟಿದ್ದಾರೆ.”

“ಓಹೋ! ಕತ್ತರಿ ಸರಿಯಾಗಿ ನನ್ನ ತಲೆ ಮೇಲೇ ಬಿತ್ತಾ? ಎಂಥ ಗುರಿಯಪ್ಪಾ ಅವರದು!”

“ಆಣೆ ಭಾವ.”

“ಸರಿ ಸರಿ. ನಂಗ್ಯಾಕೆ ಬೇಕು ಅದೆಲ್ಲ” ಎಂದು ಅಂಪೈರ್ ತಲೆದಿಂಬಿನ ಕವರೊಂದನ್ನು ಎಳೆದುಕೊಂಡ. ಅದಕ್ಕೆ ಕಾಲರಿಲ್ಲ, ತೋಳಿಲ್ಲ, ಮಾತಾಡುವ ಅಗತ್ಯವೂ ಇಲ್ಲ. ಅಲ್ಲಿಂದಾಚೆ ಭಾಮೈದ ಬಂದಾಗಲೆಲ್ಲ ಅವನು ದಿಂಬಿನ ಕವರು, ಹಾಸಿಗೆಯ ಹೊದಿಕೆಗಳಿಗೇ ಇಸ್ತ್ರಿ ಮಾಡತೊಡಗಿದ. ಇನ್ನೊಂದು ಮಾತು ಕದಿಯಲು ಬಿಟ್ಟರೆ ತಾನೇ ಮೂರ್ಖ ಎಂದು ಲೆಕ್ಕ ಹಾಕಿದ್ದ.

ಉರಿಯುವುದಕ್ಕೆ ತುಪ್ಪ ಸುರಿಯುವವರಿಗೇನು ಬರ. ಬೀದಿಯವರೆಲ್ಲ ಅಂಗಡಿಗೆ ಬಂದು ಅಂಪೈರನಿಗೇ ಅಭಿನಂದನೆ ಹೇಳಿದರು, ನಿಮ್ಮ ಭಾಮೈದ ಹೆಸರು ತಂದ ಎಂದು. ಮೇಷ್ಟ್ರಂತೂ, “ಬ್ಯಾಟಿನ ಯಜಮಾನ! ಎಂಥ ಮಾತಯ್ಯಾ! ಹುಡುಗ ಬುದ್ಧಿವಂತ” ಎಂದುಬಿಟ್ಟರು. ಇದೇ ಮೇಷ್ಟ್ರು ಇದೇ ಮಾತನ್ನು ಇದೇ ಬೆಂಚಿನ ಮೇಲೆ ಕೂತು ಎಷ್ಟು ಸಲ ಕೇಳಿದ್ದರು! ಅಂಪೈರ್ ಅವರ ಮುಖವನ್ನೇ ದುರುಗುಟ್ಟಿ ನೋಡಿದ. ಅವರಿಗೆ ಏನೂ ನೆನಪಾಗಲಿಲ್ಲ. ದಿನವೂ ಕಿವಿಗೆ ಬಿದ್ದ ಮಾತು ಟೀವಿಯವರ ಬಾಯಿಂದ ಬಂದ ಮೇಲೆಯೇ ಅವರಿಗೆ ಮಾತೆನ್ನಿಸಿತ್ತು. ವಾರ ಕಳೆಯುವಷ್ಟರಲ್ಲಿ ಚಾನೆಲಿನಿಂದ ಮತ್ತೆ ಕರೆ ಬಂತು. ಭಾನುವಾರ ಸಂಜೆ ನೇರ ಪ್ರಸಾರ, ದೊಡ್ಡ ಸ್ಟುಡಿಯೋ, ಎದುರಿಗೆ ಮಾಜಿ ಆಟಗಾರರು. ಅಭಿಮಾನಿಗಳ ಪರವಾಗಿ ‘ಬ್ಯಾಟಿನ ಯಜಮಾನ’ ಎಂದ ಹುಡುಗನೇ ಬರಬೇಕಂತೆ.

ಆ ಕುರ್ಚಿ ತನ್ನದು. ಅಂಪೈರನಿಗೆ ಬೇರೆ ಏನೂ ಬೇಡವಾಗಿತ್ತು. ಆ ಮಾತು ತನ್ನದೆಂದು, ಆ ಓಣಿಯ ಚರಂಡಿಯ ಪಕ್ಕ ನಿಂತಿದ್ದವನು ತಾನೆಂದು ಒಂದು ಸಲ ನಾಲ್ಕು ಜನಕ್ಕೆ ತಿಳಿಯಬೇಕು, ಅಷ್ಟೇ. ಊಟದ ತಟ್ಟೆಯ ಮುಂದೆ ಹೆಂಡತಿಗೂ ಅದನ್ನೇ ಹೇಳಿದ.

“ಆ ಮಾತು ನಂದು ಕಣೇ.”

“ಇರಬಹುದು. ಬಟ್ಟೆಗೆ ಹಾಕೋ ಹಾಗೆ ಅದಕ್ಕೂ ಮೂಲೆಯಲ್ಲಿ ಗುರುತು ಹಾಕಿ ಇಟ್ಟಿದ್ರಾ?”

“ನೀನು ನಿನ್ನ ತಮ್ಮನ ಕಡೆಗೇ ಮಾತಾಡು.”

“ನಾನು ಯಾರ ಕಡೆಗೂ ಇಲ್ಲ. ಇಷ್ಟು ವರ್ಷ ಎಲ್ಲರಿಗೂ ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದು ನೀವೇ. ಈಗ ಒಬ್ಬ ಒಪ್ಪಿಸಿದ್ರೆ ಬೆನ್ನು ತಟ್ಟೋದು ಬಿಟ್ಟು ಮುಖ ಊದಿಸ್ಕೊಂಡ್ರೆ ಹೇಗೆ?”

ಅವನು ಬೆನ್ನು ತಟ್ಟಲಿಲ್ಲ. ಶುಕ್ರವಾರ ಒಂದು ಮುಖ್ಯ ಪಂದ್ಯವಿತ್ತು. ಅಂಗಡಿಯ ಮುಂದೆ ಜನ ಸೇರಿದರು. ಎಲ್ಲರ ಬಾಯಲ್ಲೂ ಭಾಮೈದನ ಸುದ್ದಿ, ಭಾನುವಾರ ಅವನು ಏನು ಹೇಳಬೇಕು ಎಂಬ ಸಲಹೆ. ಅಂಪೈರ್ ಜೇಬಿಗೆ ಕೈ ಹಾಕಿದ. ಟೀವಿ ಆರಿತು. “ಕೆಟ್ಟಿದೆ” ಎಂದ. “ರಿಪೇರಿಗೆ ಕೊಡಬೇಕು. ನಡೀರಿ ನಡೀರಿ.” ಜನ ಗೊಣಗುತ್ತ ಚದುರಿದರು. ಹಿಂದೆ ಬಟ್ಟೆ ಮಡಿಸುತ್ತಿದ್ದ ಹೆಂಡತಿ ತಲೆ ಎತ್ತದೆಯೇ ಕೇಳಿದಳು.

“ಬ್ಯಾಟ್ ಎತ್ಕೊಂಡು ಮನೆಗೆ ಹೊರಟ್ರಾ?”

ಅಂಪೈರ್ ಕೇಳಿಸದವನಂತೆ ಪೆಟ್ಟಿಗೆಯ ಬಿಸಿ ಹೆಚ್ಚಿಸಿದ. ಆದರೆ ಆ ಮಾತು ಅವನ ಜೊತೆ ಮನೆಗೂ ಬಂತು, ಊಟಕ್ಕೂ ಕೂತಿತು.

ಭಾನುವಾರ ಬೆಳಿಗ್ಗೆ ಭಾಮೈದ ಹೊಸ ಶರ್ಟು ಹಿಡಿದು ಬಂದ. ತಿಳಿನೀಲಿ ಬಣ್ಣ, ಒಳ್ಳೆಯ ಹತ್ತಿಬಟ್ಟೆ, ಅಂಗಡಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. “ಭಾವ, ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು. ಅಲ್ಲೇ ಹೋಗಿ ಹಾಕ್ಕೋತೀನಿ. ನಿಮ್ಮ ಕೈಯ ಇಸ್ತ್ರಿನೇ ಆಗಬೇಕು” ಎಂದು ಮೇಜಿನ ಮೇಲಿಟ್ಟು ಸಾಮಾನು ಕಟ್ಟಿಕೊಳ್ಳಲು ಹೋದ. ಹೆಂಡತಿ ಹಿಂಬದಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಅಂಪೈರ್ ನೀರು ಚಿಮುಕಿಸಿದ. ಕಾಲರು ಹಿಡಿದ. ಅಭ್ಯಾಸಬಲ ನೋಡಿ, ಕೇಳುವವರಿಲ್ಲದಿದ್ದರೂ ಬಾಯಿ ತಾನಾಗಿ ಶುರುವಾಯಿತು. ಅರ್ಧ ತಾಕಿದ ಚೆಂಡು ಬಂತು. ತೋಳಿಗೆ ವೇಳಾಪಟ್ಟಿ ಬಂತು. ಗುಂಡಿಗಳ ಸಾಲಿಗೆ ಕಾಲುನೋವಿನ ಆಟಗಾರ ಬಂದ. ಶರ್ಟಿನ ಮುಂಭಾಗ ಮುಗಿಸಿ, ಕಂಕುಳ ಕೆಳಗಿನ ಅಂಚು ದಾಟಿ ಬೆನ್ನಿನ ಕಡೆ ತಿರುಗುತ್ತ ಅವನು ಬಾಯಿ ತೆರೆದ. “ಇವತ್ತು ಇಡೀ ಜಗತ್ತಿನ ಕ್ರಿಕೆಟ್ ನಡೆಸ್ತಿರೋರು ಯಾರು...”

ಅಲ್ಲಿಗೆ ನಿಂತ. ಮುಂದಿನ ಮಾತು ಇನ್ನು ತನ್ನದಲ್ಲ. ತಾನು ಹೇಳಿದರೆ ಕೇಳಿದವರು, ‘ಅಯ್ಯೋ, ಇದು ನಿಮ್ಮ ಭಾಮೈದ ಹೇಳಿದ್ದಲ್ವಾ’ ಎನ್ನುತ್ತಾರೆ. ಈ ಶರ್ಟು ಇಂದು ಸಂಜೆ ದೀಪಗಳ ಕೆಳಗೆ ಹೋಗಿ ಅದನ್ನು ಹೇಳುತ್ತದೆ, ಜಗತ್ತು ಚಪ್ಪಾಳೆ ತಟ್ಟುತ್ತದೆ, ತಾನು ಇಲ್ಲಿ ಅದರ ಸುಕ್ಕು ಬಿಡಿಸುತ್ತ ನಿಂತಿದ್ದೇನೆ. ಬಾಯಿ ನಿಂತಿತ್ತು. ಬಾಯಿಯ ಜೊತೆ ಕೈಯೂ ನಿಂತಿತ್ತು.

ಮೊದಲು ವಾಸನೆ ಬಂತು. ಆ ವಾಸನೆಯನ್ನು ಅವನು ಮೈಲಿ ದೂರದಿಂದ ಹಿಡಿಯಬಲ್ಲ. ಹಿಡಿದ ಕೂಡಲೇ ಕೈ ಎತ್ತಿದ್ದರೆ ಒಂದು ತಿಳಿ ಹಳದಿ ನೆರಳಿನಲ್ಲಿ ಮುಗಿದುಹೋಗುತ್ತಿತ್ತು, ತೊಳೆದರೆ ಹೋಗುವಂಥದ್ದು. ಆದರೆ ಅವನು ಎತ್ತಲಿಲ್ಲ. ಗೊತ್ತಿದ್ದೂ ಒಂದು ಉಸಿರಿನಷ್ಟು ಹೊತ್ತು ಹಾಗೇ ಒತ್ತಿ ಹಿಡಿದ. ಆ ಒಂದು ಉಸಿರಿನಲ್ಲಿ ಅವನಿಗೆ ಹಾಯೆನಿಸಿತು ಎಂಬುದನ್ನು ಮುಚ್ಚಿಡುವುದು ಬೇಡ.

ಎತ್ತಿ ನೋಡಿದಾಗ ಬಲ ಕಂಕುಳ ಕೆಳಗೆ ಪೆಟ್ಟಿಗೆಯ ಮೂತಿಯ ಆಕಾರದಲ್ಲಿ ಕಂದು ಕಲೆ ಕೂತಿತ್ತು. ಹಾಯೆನಿಸಿದ್ದೆಲ್ಲ ಹಾರಿಹೋಯಿತು. ಒದ್ದೆ ಬಟ್ಟೆಯಿಂದ ಉಜ್ಜಿದ, ನಿಂಬೆಹುಳಿ ಹಚ್ಚಿದ, ಮತ್ತೆ ಉಜ್ಜಿದ. ಕಲೆ ಇನ್ನಷ್ಟು ಸ್ಪಷ್ಟವಾಯಿತು. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಭಾಮೈದನ ಚಪ್ಪಲಿ ಸದ್ದು ಕೇಳಿಸಿತು. ಹೇಳಿಬಿಡೋಣ, ಕೈ ತಪ್ಪಿತು ಎನ್ನೋಣ, ತನ್ನ ಒಳ್ಳೆಯ ಶರ್ಟನ್ನೇ ಕೊಟ್ಟು ಕಳಿಸೋಣ ಎಂದುಕೊಂಡ. ಆದರೆ ಕೈ ತಪ್ಪಿತು ಎಂಬುದೇ ಸುಳ್ಳಲ್ಲವೇ. ಕೈಗಳು ಮಾತ್ರ ತಮ್ಮ ಪಾಡಿಗೆ ಶರ್ಟನ್ನು ಮಡಿಸಿದವು. ಕಲೆ ಒಳಕ್ಕೆ ಹೋಯಿತು, ಕಾಲರು ಮೇಲಕ್ಕೆ ಬಂತು.

“ಭಾವ ಅಂದ್ರೆ ಭಾವನೇ!” ಎಂದು ಭಾಮೈದ ಆ ಮಡಿಕೆಯನ್ನು ನೋಡಿ ಖುಷಿಪಟ್ಟ. “ಎಷ್ಟಾಯ್ತು ಅಂತ ಕೇಳಲ್ಲ, ಕೇಳಿದ್ರೆ ಬೈತೀರ.” ಕೈಚೀಲದೊಳಗೆ ಶರ್ಟನ್ನು ಮಗುವಿನ ಹಾಗೆ ಮಲಗಿಸಿಕೊಂಡು ಬಸ್ಸಿಗೆ ಓಡಿದ.

ಸಂಜೆ ಬೀದಿಯವರೆಲ್ಲ ಅಂಗಡಿಗೇ ಬಂದರು. ಟೀವಿ ಕೆಟ್ಟಿದೆ ಎಂಬ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಪೈರ್ ಮರುಮಾತಿಲ್ಲದೆ ಗುಂಡಿ ಒತ್ತಿದ, ಟೀವಿ ಹೊತ್ತಿಕೊಂಡಿತು. “ರಿಪೇರಿ ಬಲು ಬೇಗ ಆಯ್ತಲ್ಲ!” ಎಂದ ಡ್ರೈವರ್. ಬೆಂಚು ತುಂಬಿತು, ಹೊಸ್ತಿಲು ತುಂಬಿತು. ಸ್ಟೂಲಿನ ಮೇಲೆ ಮಾತ್ರ ಯಾರೂ ಕೂರಲಿಲ್ಲ.

ಭಾಮೈದ ಪರದೆಯ ಮೇಲೆ ಬಂದಾಗ ಎಲ್ಲರೂ ಹೋ ಎಂದು ಕೂಗಿದರು. ಅಂಪೈರ್ ಅವನ ಮುಖ ನೋಡಲಿಲ್ಲ, ಬಲಗೈ ನೋಡಿದ. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ಕೂತಿದ್ದ ಭಾಮೈದ. ಮೈಕು ಸರಿಮಾಡಿಕೊಳ್ಳುವಾಗಲೂ ಎಡಗೈ, ನೀರಿನ ಲೋಟಕ್ಕೂ ಎಡಗೈ. ಹಾಗಾದರೆ ಅವನು ನೋಡಿದ್ದಾನೆ. ಅಲ್ಲಿ ಹೋಗಿ ಮಡಿಕೆ ಬಿಚ್ಚಿದಾಗ ನೋಡಿದ್ದಾನೆ, ಬೇರೆ ಶರ್ಟಿಲ್ಲದೆ ಇದನ್ನೇ ಹಾಕಿಕೊಂಡಿದ್ದಾನೆ. ಅಂಪೈರನ ಕೈಯಿಂದ ಕಲೆ ಬಿದ್ದದ್ದನ್ನು ಅವನು ಎಂದೂ ಕಂಡವನಲ್ಲ. ಏನೆಂದುಕೊಂಡಿರಬಹುದು?

ಭಾಮೈದ ಬ್ಯಾಟಿನ ಯಜಮಾನನ ಕಥೆ ಹೇಳಿದ. “ಇದು ನಮ್ಮ ಭಾವನ ಮಾತು” ಎಂದು ಶುರುಮಾಡಿದ್ದು ನಿಜ, ಆದರೆ ಅಂಗಡಿಯವರ ಕೂಗಾಟದಲ್ಲಿ ಅದು ಅಂಪೈರನಿಗೆ ಬಿಟ್ಟು ಬೇರೆ ಯಾರಿಗೂ ಕೇಳಿಸಲಿಲ್ಲ. ಮಾತೆಲ್ಲ ಅಂಪೈರನದೇ, ಚರಂಡಿ ಅವನದೇ, ಟ್ರಯಲ್ ಬಾಲ್ ಅವನದೇ. ಭಾಮೈದನ ಮೊಣಕೈ ಮಾತ್ರ ಪಕ್ಕೆ ಬಿಡಲಿಲ್ಲ.

ಎದುರಿಗಿದ್ದ ಮಾಜಿ ಆಟಗಾರ ಮುಗುಳ್ನಕ್ಕ. “ಕೇಳೋಕೆ ಚೆನ್ನಾಗಿದೆ. ಆದ್ರೆ ಹಣ ತರೋರನ್ನ ಬದಿಗೆ ಸರಿಸಿದ್ರೆ ಆಟ ನಡೆಯೋದು ಹೇಗೆ? ಬ್ಯಾಟ್ ಯಾರು ತರ್ತಾರೆ?”

ಅಂಗಡಿಯಲ್ಲಿ ಎಲ್ಲರ ಕುತ್ತಿಗೆ ಅಂಪೈರನ ಕಡೆ ತಿರುಗಿತು. ಡ್ರೈವರ್ “ನನ್ನ ಪ್ರಶ್ನೆ! ನನ್ನ ಪ್ರಶ್ನೆ!” ಎಂದು ಎದ್ದು ನಿಂತ. ಸಿಕ್ಕಿಬಿದ್ದ ಎಂದುಕೊಂಡ ಅಂಪೈರ್. ತನ್ನ ಹತ್ತಿರ ಇಲ್ಲದ ಉತ್ತರ ಅವನ ಹತ್ತಿರ ಎಲ್ಲಿಂದ ಬರಬೇಕು? ಒಳಗೊಳಗೇ ಸಣ್ಣದೊಂದು ಸಂತೋಷ ತಲೆ ಎತ್ತಿತು.

ಭಾಮೈದ ನೀರಿನ ಲೋಟ ಬದಿಗಿಟ್ಟ. “ಬ್ಯಾಟ್ ಅವನೇ ತರಲಿ ಸಾರ್,” ಎಂದ. “ಬೇಕಾದ್ರೆ ಮೊದಲು ಅವನೇ ಆಡಲಿ. ಆದ್ರೆ ಅವನು ಬ್ಯಾಟ್ ಎತ್ಕೊಂಡು ಮನೆಗೆ ಹೋದ ದಿನ ಅವನ ಹತ್ರ ಬ್ಯಾಟ್ ಇರುತ್ತೆ, ಆಟ ಇರಲ್ಲ. ಎದುರಿಗೆ ಬೌಲ್ ಮಾಡೋನು, ಚರಂಡಿ ಪಕ್ಕ ನಿಂತು ಚೆಂಡು ಹಿಡಿಯೋನು ಇಲ್ಲದಿದ್ರೆ ಬ್ಯಾಟ್ ಅಂದ್ರೆ ಬರೀ ಸೌದೆ. ಜನ ದುಡ್ಡು ಕೊಡೋದು ಬ್ಯಾಟ್ ನೋಡೋಕಲ್ಲ ಸಾರ್, ಇಬ್ಬರು ಆಡೋದನ್ನ ನೋಡೋಕೆ. ಹಾಗಾದ್ರೆ ಆ ದುಡ್ಡು ಅವನೊಬ್ಬನೇ ತಂದಿದ್ದು ಹೇಗಾಯ್ತು? ದಿನವಿಡೀ ಚೆಂಡು ಹೆಕ್ಕಿದವನೂ ತಂದಿದ್ದಾನೆ. ಅವನ ಲೆಕ್ಕ ಯಾರು ಹಿಡೀತಾರೆ?”

ಮಾತಿನ ರಭಸದಲ್ಲಿ ಅವನು ತನ್ನನ್ನೇ ಮರೆತಿದ್ದ. ಬಲಗೈ ಮೇಲೆದ್ದು ಗಾಳಿಯಲ್ಲಿ ಚೆಂಡು ಹಿಡಿಯುತ್ತಿತ್ತು.

ಸ್ಟುಡಿಯೋದಲ್ಲಿ ಚಪ್ಪಾಳೆ, ಅಂಗಡಿಯಲ್ಲಿ ಸಿಳ್ಳೆ. ಅಂಪೈರ್ ಮೇಜಿನ ಅಂಚು ಹಿಡಿದುಕೊಂಡ. ಕದ್ದ ಮಾತಿಗೆ ಹುಟ್ಟಿದ್ದ ಹೊಟ್ಟೆಕಿಚ್ಚು ಇದರ ಮುಂದೆ ಏನೂ ಅಲ್ಲ. ಇದು ಕದ್ದದ್ದಲ್ಲ. ಚರಂಡಿಯ ಪಕ್ಕ ನಿಂತವನು ತಾನು, ಆದರೆ ನಿಂತವನ ಲೆಕ್ಕವನ್ನು ಕೇಳಬೇಕೆಂಬುದು ತನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಬ್ಯಾಟು ಸಿಗಲಿಲ್ಲವೆಂದು ಅತ್ತದ್ದಷ್ಟೇ ಬಂತು. ಇದು ಆ ಸ್ಟೂಲಿನ ಮೇಲೆ ಕೂತು, ತನ್ನ ಮಾತುಗಳನ್ನು ದಿನವೂ ಹೆಕ್ಕಿ ಹೆಕ್ಕಿ ಕೊಟ್ಟವನ ಸ್ವಂತ ಮಾತು. ಅವನಿಗೆ ಈ ಅಂಗಡಿಯಲ್ಲಿ ಸರದಿ ಯಾವತ್ತು ಬಂದಿತ್ತು?

“ಅಂಪೈರ್, ಕಳ್ಳ ನೀವು!” ಎಂದು ಡ್ರೈವರ್ ಬೆನ್ನಿಗೆ ಗುದ್ದಿದ. “ಉತ್ತರ ಗೊತ್ತಿದ್ದೂ ನಂಗೆ ಹೇಳದೆ ಪ್ಯಾಂಟು ಕೊಟ್ಟು ಕಳಿಸ್ತಿದ್ರಾ? ನನ್ನ ಪ್ರಶ್ನೆ ಕೇಳಿದ ಮೇಲೆ ನೆನಪಾಯ್ತು, ಆ ಬ್ಯಾಟಿನ ಯಜಮಾನ ನಿಮ್ಮ ಮಾತೇ ಅಲ್ವಾ? ಇದೂ ನಿಮ್ದೇ ತಾನೇ?”

“ಇವನದಲ್ಲದೆ ಇನ್ಯಾರದು,” ಎಂದರು ಮೇಷ್ಟ್ರು, ಈಗ ನೆನಪು ಬಂದವರಂತೆ. “ಈ ಅಂಗಡಿಯಿಂದ ಹೋದ ಮಾತೇ ಅದು.”

ಕೇಳದೆಯೇ ಕೈಗೆ ಬಂದಿತ್ತು. ಸುಮ್ಮನೆ ತಲೆಯಾಡಿಸಿದರೆ ಸಾಕು. ಇಷ್ಟು ದಿನ ಬೇಕು ಬೇಕೆಂದು ಬೇಯುತ್ತಿದ್ದದ್ದು ಇದೇ ಅಲ್ಲವೇ, ನಾಲ್ಕು ಜನರ ಮುಂದೆ ‘ನಿಮ್ಮದು’ ಎಂಬ ಒಂದು ಮಾತು.

ಅಷ್ಟರಲ್ಲಿ ಪರದೆಯ ಮೇಲೆ ಮತ್ತೆ ಆ ಕೈ ಎದ್ದಿತು. ಮೇಷ್ಟ್ರು ಕನ್ನಡಕ ಏರಿಸಿ ಮುಂದೆ ಬಾಗಿದರು. “ಅದೇನಯ್ಯಾ ಅದು ಕಂಕುಳ ಕೆಳಗೆ? ಬೆವರೋ, ಕಲೆಯೋ?”

ಹಿಂದೆ ಬಟ್ಟೆ ಮಡಿಸುತ್ತಿದ್ದ ಹೆಂಡತಿಯ ಕೈ ನಿಂತಿತು. ಅವಳು ಪರದೆಯನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

“ಮಾತು ಅವನದು” ಎಂದ ಅಂಪೈರ್. ಎಲ್ಲರಿಗೂ ಕೇಳುವಂತೆ ಮತ್ತೆ ಹೇಳಿದ. “ಆ ಉತ್ತರ ನಂದಲ್ಲ, ಡ್ರೈವರ್. ನಂಗೆ ಹೊಳೆದೇ ಇರಲಿಲ್ಲ. ಪೂರ್ತಿ ಅವನದೇ.”

“ಮತ್ತೆ ಆ ಕಲೆ?”

“ಅದು ನಂದು.”

ಮೇಷ್ಟ್ರು ತಮ್ಮ ಮಾಮೂಲಿ ನಗೆಗೆ ಬಾಯಿ ತೆರೆದವರು, ಅಂಪೈರನ ಮುಖ ನೋಡಿ ಮುಚ್ಚಿಕೊಂಡರು. ಅಂಪೈರನ ಹೊಟ್ಟೆಯ ಉರಿ ಆರಿರಲಿಲ್ಲ, ಅಷ್ಟು ಸುಲಭಕ್ಕೆ ಆರುವಂಥದ್ದೂ ಅಲ್ಲ. ಆದರೂ ಜೇಬಿನಿಂದ ರಿಮೋಟು ತೆಗೆದು ಟೀವಿಯ ದನಿ ಜೋರು ಮಾಡಿದ. ಆಮೇಲೆ ಅದನ್ನು ಜೇಬಿಗೆ ಹಾಕಿಕೊಳ್ಳದೆ ಭಾಮೈದನ ಖಾಲಿ ಸ್ಟೂಲಿನ ಮೇಲಿಟ್ಟ.